ಮೊಳೆಯಿಲ್ಲದ ಮನೆ

ನಮ್ಮ ಮನೆಯಲ್ಲಿ ಗಡಿಯಾರ ಇರುತ್ತಿದ್ದದ್ದು ಅಕ್ಕಿ ಡಬ್ಬದ ಮೇಲೆ. ಅವ್ವ ಅನ್ನಕ್ಕಿಡುವಾಗಲೆಲ್ಲ ಅದನ್ನು ಎತ್ತಿ ಎಲ್ಲೋ ಒಂದು ಕಡೆ ಇಡುತ್ತಿದ್ದಳು. ಆಮೇಲೆ ಅದು ನೆನಪಿಗೆ ಬರುತ್ತಿದ್ದದ್ದು ನಾನು ಶಾಲೆಗೆ ಹೊರಟು ನಿಂತು "ಟೈಮ್ ಎಷ್ಟಾಯ್ತವ್ವಾ?" ಎಂದು ಕೂಗಿದಾಗ. ಆಗ ಇಬ್ಬರೂ ಹುಡುಕಬೇಕು. ಒಲೆಯ ಹಿಂದೆಯೋ ರೊಟ್ಟಿ ಬುಟ್ಟಿಯ ಕೆಳಗೋ ಅದು ಮುಖ ಕೆಳಗಾಗಿ ಮಲಗಿರುತ್ತಿತ್ತು. ಗಡಿಯಾರ ಹುಡುಕಿದ್ದರಿಂದಲೇ ಶಾಲೆಗೆ ತಡವಾಯಿತು ಎಂದರೆ ಯಾವ ಮಿಸ್ ನಂಬುತ್ತಾರೆ ಹೇಳಿ?

ಕನ್ನಡಿಯ ಕತೆ ಇನ್ನೂ ಘೋರ. ಅದನ್ನು ನೆಲದ ಮೇಲೆ, ಟ್ರಂಕಿಗೆ ಒರಗಿಸಿ ಇಟ್ಟಿದ್ದರು. ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿಕೊಳ್ಳಬೇಕೆಂದರೆ ನಾನು ಕುಕ್ಕರಗಾಲಲ್ಲಿ ಕೂರಬೇಕಿತ್ತು. ಕ್ಯಾಲೆಂಡರು ಕಿಟಕಿಯ ಸರಳಿಗೆ ದಾರ ಕಟ್ಟಿಸಿಕೊಂಡು ನೇತಾಡುತ್ತಿತ್ತು, ಗಾಳಿ ಬಂದರೆ ತಿಂಗಳು ತಾನೇ ಬದಲಾಗುತ್ತಿತ್ತು. ದೇವರ ಪಟಗಳೂ ನೆಲದ ಮೇಲೇ. ಇಷ್ಟಕ್ಕೆಲ್ಲ ಕಾರಣ ಒಂದೇ. ನಮ್ಮ ಮನೆಯ ಗೋಡೆಗೆ ಒಂದೇ ಒಂದು ಮೊಳೆ ಇರಲಿಲ್ಲ.

ಮೊಳೆಗೆ ಬರವೇ? ನಮ್ಮಪ್ಪ ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಮಾಡುತ್ತಿದ್ದದ್ದೇ ತಂತಿ ಕತ್ತರಿಸಿ ಮೊಳೆ ಮಾಡುವ ಕಾರ್ಖಾನೆಯಲ್ಲಿ! ದಿನಬೆಳಗಾದರೆ ಚೀಲಗಟ್ಟಲೆ ಮೊಳೆ ಅವನ ಕೈಮೇಲೆ ಹಾದು ಊರೂರಿಗೆ ಹೋಗುತ್ತಿತ್ತು. ಆ ಯಂತ್ರಗಳ ಸದ್ದಿಗೆ ಅವನ ಕಿವಿ ಅರ್ಧ ಮಂದವಾಗಿತ್ತು, ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದ. ಅಂಥವನ ಮಗಳು ನಾನು ಕನ್ನಡಿ ನೋಡಲು ಕುಕ್ಕರಗಾಲಲ್ಲಿ ಕೂರುತ್ತಿದ್ದೆ.

ಅಪ್ಪ ಅವ್ವ ಗದಗದ ಕಡೆಯ ಹಳ್ಳಿಯಿಂದ ಬಂದು ಲಗ್ಗೆರೆಯ ವಠಾರವೊಂದರಲ್ಲಿ ಶೀಟಿನ ಮನೆ ಹಿಡಿದಾಗ ನಾನು ಅವ್ವನ ಸೊಂಟದ ಮೇಲಿದ್ದೆನಂತೆ. ಮೊದಲ ದಿನವೇ ಓನರಮ್ಮ ಬಂದು, "ನೋಡಪ್ಪಾ, ಗೋಡೆಗೆ ಮೊಳೆಗಿಳೆ ಹೊಡೀಬೇಡ. ಹಾಲೋ ಬ್ಲಾಕು, ಪೂರ್ತಿ ಉದುರೋಗತ್ತೆ" ಎಂದಿದ್ದರಂತೆ. ಆಕೆ ಈ ಮಾತನ್ನು ವಠಾರದ ಎಲ್ಲ ಮನೆಗೂ ಹೇಳಿದ್ದರು. ಎಲ್ಲರೂ ತಲೆಯಾಡಿಸಿ, ಆಕೆ ಅತ್ತ ಹೋಗುತ್ತಲೇ ಇತ್ತ ಟಕಟಕ ಹೊಡೆದುಕೊಂಡಿದ್ದರು. ವ್ರತದ ಹಾಗೆ ಪಾಲಿಸಿದವನು ನಮ್ಮಪ್ಪ ಒಬ್ಬನೇ. ಓನರಮ್ಮನ ಮೇಲಿನ ಭಯಭಕ್ತಿಯಿಂದಲ್ಲ, ಆ ಮಾತು ಅವನಿಗೆ ಸರಿಯಾಗಿ ಹೊಂದಿತ್ತು, ಅಷ್ಟೆ.

"ಯಾಕ ಸುಮ್ಮನ ಮಂದಿ ಗ್ವಾಡಿಗೆ ತೂತು ಕೊರಿಯೂದು? ಮುಂದಿನ ವರ್ಷ ಹೆಂಗಿದ್ರೂ ಊರಿಗೆ ಹೋಗೂದೈತಿ" ಅನ್ನುತ್ತಿದ್ದ.

ಈ ಮುಂದಿನ ವರ್ಷ ಎಂಬುದರ ಜೊತೆ ನಾನು ಬೆಳೆದೆ. ನಮ್ಮ ಮನೆಯಲ್ಲಿ ಯಾವುದನ್ನೂ ಪೂರ್ತಿ ಬಿಚ್ಚುತ್ತಿರಲಿಲ್ಲ. ಒಂದು ಗೋಣಿಚೀಲದಲ್ಲಿ ಹಿತ್ತಾಳೆ ಪಾತ್ರೆಗಳು ಬಾಯಿ ಕಟ್ಟಿಸಿಕೊಂಡು ಸದಾ ಪ್ರಯಾಣಕ್ಕೆ ಸಿದ್ಧವಾಗಿ ಕೂತಿದ್ದವು. ಮಂಚ ತರೋಣ ಅಂದರೆ, ಬಸ್ಸಿನ ಮೇಲೆ ಹಾಕಿಕೊಂಡು ಹೋಗುವುದು ತ್ರಾಸು. ಬಾಗಿಲಿಗೆ ಒಂದು ತುಳಸಿ ಕುಂಡ ಇಡೋಣ ಅಂದರೆ, ನಾವು ಹೋದ ಮೇಲೆ ನೀರು ಹಾಕುವವರು ಯಾರು? ಹೊರಡುವವರ ಮನೆ ನಮ್ಮದು. ಹೊರಟವರು ಮಾತ್ರ ಯಾರೂ ಇಲ್ಲ!

ಇದು ಮನೆಯೊಳಗೇ ಮುಗಿದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅಪ್ಪ ಇದನ್ನು ನನ್ನ ಶಾಲೆಗೂ ತಂದ. ಪ್ರತಿ ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯುವ ಹೊತ್ತಿಗೆ ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದು ಹೆಡ್‌ಮಾಸ್ಟರ ಕೋಣೆಯ ಮುಂದೆ ನಿಲ್ಲುತ್ತಿದ್ದ. "ಸರ, ಹುಡುಗೀದು ಟಿ.ಸಿ. ಬೇಕಾಗಿತ್ತರಿ. ಊರಿಗೆ ಹೊಂಟೇವಿ." ಮೆಲ್ಲಗೆ ಹೇಳಿದೆ ಎಂದು ಅವನು ಅಂದುಕೊಂಡಿರುತ್ತಿದ್ದ. ಇಡೀ ಶಾಲೆಗೆ ಕೇಳಿಸುತ್ತಿತ್ತು. ಹೆಡ್‌ಮಾಸ್ಟರು ಮೊದಲ ವರ್ಷ ಗಾಬರಿಯಾಗಿ ಬುದ್ಧಿ ಹೇಳಿದರಂತೆ. ಆಮೇಲಾಮೇಲೆ ತಲೆ ಎತ್ತದೆಯೇ, "ಜೂನ್ ಬರ್ಲಿ ನೋಡೋಣ, ಹೋಗಿ ಯಜಮಾನ್ರೆ" ಎಂದು ಕಳಿಸುವುದನ್ನು ಕಲಿತರು. ಜೂನ್ ಬರುವಷ್ಟರಲ್ಲಿ ಅಪ್ಪನಿಗೆ ಏನಾದರೊಂದು ಅಡ್ಡ ಬಂದಿರುತ್ತಿತ್ತು. ಊರಿನ ಮನೆಯ ಮಾಳಿಗೆ ಸೋರುತ್ತಿದೆ, ಚಿಕ್ಕಪ್ಪನ ಲಗ್ನ ಮುಗಿಯಲಿ, ಕಾರ್ಖಾನೆಯಲ್ಲಿ ಹೊಸ ಮಷೀನು ಬಂದಿದೆ, ಕಲಿಸಿಕೊಟ್ಟು ಹೋಗಬೇಕು. ನಾನು ಅದೇ ಚೀಲ ಏರಿಸಿಕೊಂಡು ಅದೇ ಶಾಲೆಗೆ ಹೋಗಿ ಬಾಗಿಲಲ್ಲಿ ನಿಂತರೆ ತರಗತಿಗೆ ತರಗತಿಯೇ ಗೊಳ್ಳೆಂದು ನಗುತ್ತಿತ್ತು. "ಏನೇ, ಇನ್ನೂ ಹೋಗಿಲ್ವಾ ನಿಮ್ಮೂರಿಗೆ?"

ನಮ್ಮ ಶಾಲೆ ಎಂದರೆ ಲಗ್ಗೆರೆಯ ಸರ್ಕಾರಿ ಶಾಲೆ. ಪಕ್ಕದ ಶೆಡ್ಡಿನಲ್ಲಿ ಪ್ರೆಸ್ ಮಷೀನೊಂದು ಧಡ್ ಧಡ್ ಅನ್ನುತ್ತಿತ್ತು, ಮಗ್ಗಿ ಹೇಳುವಾಗ ನಮಗೇ ಗೊತ್ತಿಲ್ಲದೆ ಅದರ ತಾಳಕ್ಕೆ ಹೇಳುತ್ತಿದ್ದೆವು. ತಮಿಳಿನವರು, ತೆಲುಗಿನವರು, ಉರ್ದುವಿನವರು, ನಮ್ಮ ಕಡೆಯವರು ಎಲ್ಲ ಒಂದೇ ಬೆಂಚಿನ ಮೇಲೆ. ಮಧ್ಯಾಹ್ನ ಡಬ್ಬಿ ತೆರೆದರೆ ನನ್ನ ಖಡಕ್ ರೊಟ್ಟಿಗೆ ಕಿತ್ತಾಟ. ಆ ಪೀಣ್ಯದ ಎಣ್ಣೆ ವಾಸನೆ, ಶಾಲೆ ಬಿಟ್ಟ ಮೇಲೆ ಮೋರಿ ಕಲ್ಲಿನ ಮೇಲೆ ಸಾಲಾಗಿ ಕೂತು ಐಸ್ ಕ್ಯಾಂಡಿ ಚೀಪಿದ್ದು, ಕಾರ್ಖಾನೆಯ ಸೈರನ್ ಕೇಳಿ ಮನೆಗೆ ಓಡಿದ್ದು, ಇದೇ ನನ್ನ ಊರು. ಬೇರೆ ಯಾವ ಊರು ನನಗೆ ಗೊತ್ತಿತ್ತು? ಬೇಸಿಗೆಯಲ್ಲಿ ಅಪ್ಪನ ಹಳ್ಳಿಗೆ ಹೋದರೆ ಅಲ್ಲಿನ ಹುಡುಗಿಯರು ನನ್ನ ಮಾತನ್ನು ಅಣಕಿಸಿ, "ಬೆಂಗ್ಳೂರಾಕಿ ಬಂದ್ಲು" ಎಂದು ಹಿಂದೆ ಹಿಂದೆ ಬರುತ್ತಿದ್ದರು. ಅಲ್ಲಿಯೂ ಹೊರಗಿನವಳು, ಇಲ್ಲಿಯೂ ಹೊರಡುವವಳು. ಅಪ್ಪನ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಅವನ ಚಪ್ಪಲಿ ಬಚ್ಚಿಡುತ್ತಿದ್ದೆ.

ಹೊರಡುವವಳಿಗೆ ಶಾಲೆಯಲ್ಲಿ ಏನೂ ಸಿಗುವುದಿಲ್ಲ. ಸ್ವಾತಂತ್ರ್ಯ ದಿನದ ನಾಟಕಕ್ಕೆ ಪಾತ್ರ ಹಂಚುವಾಗ ನಮ್ಮ ಮಿಸ್ಸು ನನ್ನ ಕಡೆ ನೋಡಿ, "ಇದಕ್ಕೆ ಕಲಿಸಿ ಏನು ಪ್ರಯೋಜನ, ನಾಳೆ ಟಿ.ಸಿ. ತಗೊಂಡು ಹೋಗ್ಬಿಡತ್ತೆ" ಎಂದು ಮುಂದೆ ಸಾಗುತ್ತಿದ್ದರು. ಕ್ಲಾಸ್ ಲೀಡರ್ ಮಾಡುವಾಗಲೂ ಅದೇ. ಒಳ್ಳೆಯವರೇ ಅವರು, ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ. ಆದರೂ ನನ್ನ ಹೊಟ್ಟೆ ಉರಿಯುತ್ತಿತ್ತು.

ಏಳನೇ ತರಗತಿಯ ಕೊನೆಗೆ ಗ್ರೂಪ್ ಫೋಟೋ ತೆಗೆಸಿದರು. ಮೊದಲ ಸಲ ಎಲ್ಲರ ಜೊತೆ ನಾನೂ ಒಂದು ಕಡೆ ಉಳಿದುಬಿಡುತ್ತೇನೆ ಎಂದು ಹಿಂದಿನ ದಿನದಿಂದಲೇ ಸಂಭ್ರಮ. ರಿಬ್ಬನ್ನಿಗೆ ಇಸ್ತ್ರಿ ಬೇರೆ. ಮೈದಾನದಲ್ಲಿ ಬೆಂಚು ಜೋಡಿಸಿ ನಮ್ಮನ್ನು ನಿಲ್ಲಿಸುವಾಗ ಮಿಸ್ಸು, "ನೀನು ಹೋಗೋಳು ತಾನೇ, ತುದಿಗೆ ನಿಂತ್ಕೋ" ಅಂದರು. ತುದಿಗೇ ನಿಂತೆ. ಫೋಟೋದವನು "ರೆಡಿ" ಅಂದ. ಅಷ್ಟು ಹೊತ್ತಿಗೆ ಸರಿಯಾಗಿ ನನ್ನ ಬೆನ್ನ ಹಿಂದಿನಿಂದ, "ಸರ, ಟಿ.ಸಿ. ಬೇಕಾಗಿತ್ತರಿ" ಎಂಬ ಕೂಗು ಕೇಳಿಸಿತು. ಎಲ್ಲರೂ ಕಿಸಕ್ಕನೆ ನಕ್ಕರು. ಕ್ಲಿಕ್ಕಾಯಿತು.

ಫೋಟೋ ಕೈಗೆ ಬಂದಾಗ ನೋಡಿದರೆ, ಎಲ್ಲರ ಹಲ್ಲೂ ಕಾಣುತ್ತಿದೆ, ನನ್ನ ಮುಖ ಮಾತ್ರ ಗಂಟು. ನನ್ನ ಹಿಂದೆ, ಹೆಡ್‌ಮಾಸ್ಟರ ಕೋಣೆಯ ಬಾಗಿಲಲ್ಲಿ, ನೀಲಿ ಅಂಗಿಯ ಅಪ್ಪ! ಯಾರು ಏನು ಮಾಡುತ್ತಿದ್ದಾರೆ ಎಂದು ಕ್ಯಾಮೆರಾ ಕಡೆಗೇ ತಿರುಗಿ ನೋಡುತ್ತಿದ್ದಾನೆ. ಶಿವನೇ, ನನಗೆ ಸಿಕ್ಕ ಒಂದೇ ಒಂದು ಫೋಟೋದಲ್ಲೂ ಈ ಮನುಷ್ಯ ಟಿ.ಸಿ. ಕೇಳಿಕೊಂಡು ನಿಂತಿದ್ದ.

ಆದರೂ ಅದು ನನ್ನ ಫೋಟೋ. ಅವ್ವ ಅದಕ್ಕೆ ಕಟ್ಟು ಹಾಕಿಸಿಕೊಂಡು ಬಂದಳು. ನಾನು ಬಾಗಿಲಿನ ಎದುರಿನ ಗೋಡೆ ತೋರಿಸಿ, ಇಲ್ಲಿ ಹಾಕಬೇಕು, ಬಂದವರಿಗೆಲ್ಲ ಮೊದಲು ಇದೇ ಕಾಣಬೇಕು ಎಂದೆ. ಅಪ್ಪ ಫೋಟೋವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

"ಚೊಲೋ ಬಂದೈತಿ. ಊರಿಗೆ ಹೋದ ಮ್ಯಾಲೆ ಅಲ್ಲೇ ಹಾಕೂಣು" ಎಂದ.

"ಅಲ್ಲಿ ಯಾರಪ್ಪಾ ನೋಡ್ತಾರೆ ಇದನ್ನ? ಅಲ್ಲಿ ಇವರೆಲ್ಲ ಯಾರಿಗೆ ಗೊತ್ತು? ಇಲ್ಲೇ ಹಾಕು!"

"ಮಂದಿ ಗ್ವಾಡಿ ತಂಗಿ ಇದು." ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುವುದು.

ಸಿಟ್ಟು ನೆತ್ತಿಗೇರಿತು. ಅವನು ಶಿಫ್ಟಿಗೆ ಹೋದ ಮೇಲೆ ಪಕ್ಕದ ಮನೆಯಿಂದ ಒಂದು ಮೊಳೆ ತಂದು, ರುಬ್ಬುವ ಗುಂಡುಕಲ್ಲಿನಿಂದ ಹೊಡೆದೆ. ಮೊಳೆ ಬಾಗಿತು, ಗೋಡೆ ಒಂದು ಹಿಡಿ ಉದುರಿತು, ಬೆರಳು ಜಜ್ಜಿಹೋಯಿತು. ಸಂಜೆ ಅಪ್ಪ ಬಂದು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೊದಲು ನನ್ನ ಬೆರಳಿಗೆ ಅರಿಶಿನ ಕಟ್ಟಿದ. ಆಮೇಲೆ ಮೊಳೆ ಕಿತ್ತು, ತೂತಿಗೆ ಟೂತ್‌ಪೇಸ್ಟ್ ತುಂಬಿ, ಬೆರಳಿನಿಂದ ನಯಮಾಡಿ ಒಂದು ಗುರುತೂ ಇಲ್ಲದ ಹಾಗೆ ಮಾಡಿಬಿಟ್ಟ. ಫೋಟೋ ಅವ್ವನ ಹಳೆಯ ಸೀರೆಯಲ್ಲಿ ಸುತ್ತಿಸಿಕೊಂಡು ಟ್ರಂಕಿನ ತಳಕ್ಕೆ ಸೇರಿತು.

ವರ್ಷಗಳು ಕಳೆದವು. ವಠಾರ ಬಿಟ್ಟು ಅದೇ ಲಗ್ಗೆರೆಯಲ್ಲಿ ಎರಡು ಕೋಣೆಯ ಸ್ವಂತ ಮನೆಯೂ ಆಯಿತು. ಅವ್ವನ ಹಟಕ್ಕೆ ಕಟ್ಟಿದ್ದು. ಅವ್ವ ಬಡಿಯುವ ರೊಟ್ಟಿಗೆ ಅಷ್ಟು ಹೊತ್ತಿಗೆ ಪೀಣ್ಯದ ಬಾಡಿಗೆ ಕೋಣೆಗಳಲ್ಲಿರುವ ನಮ್ಮ ಕಡೆಯ ಹುಡುಗರೆಲ್ಲ ಗಿರಾಕಿಗಳಾಗಿದ್ದರು. ಗೃಹಪ್ರವೇಶದ ದಿನವೇ ನಾನು ಟ್ರಂಕು ತೆಗೆದು ಫೋಟೋ ಹಿಡಿದುಕೊಂಡು ಬಂದೆ. ಈಗಂತೂ ಗೋಡೆ ನಮ್ಮದು, ಈಗೇನು ಹೇಳುತ್ತಾನೆ ನೋಡೋಣ ಅಂತ.

"ಹೊಸಾ ಗ್ವಾಡಿ. ನಾವು ಊರಿಗೆ ಹೋದ ಮ್ಯಾಲೆ ಬಾಡಿಗಿ ಬರೋ ಮಂದಿಗೆ ಚೊಲೋ ಇರಲಿ" ಎಂದ.

ಇನ್ನೂ ಬಾರದ ಬಾಡಿಗೆಯವರ ಸಲುವಾಗಿ ನಮ್ಮ ಗೋಡೆ ಕಾಯುವುದು! ಇಂಥ ಮನುಷ್ಯನ ಜೊತೆ ಏನೆಂದು ಜಗಳವಾಡುತ್ತೀರಿ? ಅವ್ವ ಹಣೆ ಹಣೆ ಚಚ್ಚಿಕೊಂಡಳು. ನಾನು ದೊಡ್ಡವಳಾದೆ, ಪೀಣ್ಯದಲ್ಲೇ ಕೆಲಸಕ್ಕೆ ಸೇರಿದೆ, ಲಗ್ಗೆರೆಯಲ್ಲೇ ಮದುವೆಯಾಗಿ ಪಕ್ಕದ ಬೀದಿಗೆ ಹೋದೆ. ಪ್ರತಿ ದೀಪಾವಳಿಗೆ ಮನೆ ಬಳಿಯುವಾಗ ಟ್ರಂಕು ತೆಗೆಯುವುದು, ಫೋಟೋ ನೋಡುವುದು, ಅಪ್ಪನ ಜೊತೆ ಒಂದು ಸುತ್ತು ಜಗಳ, ಮತ್ತೆ ಸೀರೆಯಲ್ಲಿ ಸುತ್ತಿ ಒಳಗಿಡುವುದು. ಹಬ್ಬದ ಕಾರ್ಯಕ್ರಮದಲ್ಲಿ ಅದೂ ಒಂದಾಯಿತು. ನಿಮ್ಮ ಮನೆಗೇ ಒಯ್ದು ಹಾಕಿಕೋ ಎಂದು ಅವ್ವ ಹೇಳುತ್ತಿದ್ದಳು. ನನಗೆ ಬೇಕಾಗಿದ್ದು ಅದಲ್ಲ. ಅಪ್ಪನ ಗೋಡೆಯ ಮೇಲೆ ಬೇಕಿತ್ತು, ಅಪ್ಪನೇ ಹಾಕಬೇಕಿತ್ತು. ನಾವು ಈ ಊರಿನವರು ಎಂದು ಆ ಮನುಷ್ಯ ಒಂದು ಸಲ, ಒಂದೇ ಸಲ ಒಪ್ಪಬೇಕಿತ್ತು.

ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅಪ್ಪ ನಿಜಕ್ಕೂ ಊರಿಗೆ ಹೊರಟ. ನಮಗ್ಯಾರಿಗೂ ನಂಬಿಕೆ ಬರಲಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, "ನಾ ಒಲ್ಲೆ. ನನ್ನ ರೊಟ್ಟಿ ಕಾಯ್ಕೊಂಡು ಕುಂತಾವ ಹುಡುಗ್ರು. ನೀವು ಹೋಗಿ ನೋಡಿ ಬರ್ರಿ, ತೀರಲಿ ನಿಮ್ಮ ಹುಚ್ಚು" ಅಂದಳು. ಅಪ್ಪ ಟ್ರಂಕು, ಹಿತ್ತಾಳೆ ಪಾತ್ರೆಯ ಚೀಲ ಎಲ್ಲ ಹೇರಿಕೊಂಡು ಚಿಕ್ಕಪ್ಪನ ತುಂಬಿದ ಮನೆಗೆ ಹೋಗಿ ಸೇರಿಕೊಂಡ. ಅವನು ಹೋದ ಮರುದಿನವೇ ನಾನು ಸುತ್ತಿಗೆ, ಮೊಳೆ ಹಿಡಿದು ಅವ್ವನ ಮನೆಗೆ ಬಂದೆ. ಕೇಳುವವರೇ ಇಲ್ಲವಲ್ಲ ಈಗ! ನೋಡಿದರೆ ಟ್ರಂಕೇ ಇಲ್ಲ. ನನ್ನ ಫೋಟೋ ಟ್ರಂಕಿನ ಜೊತೆ ಗದಗ ಸೇರಿತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ದಿನಾ ಅವನ ಫೋನು ಬರುತ್ತಿತ್ತು. "ಇವತ್ತು ನೀರು ಬಿಡೋ ದಿನ, ಬಂತೇನು?" "ಹಿಂದಿನ ಓಣ್ಯಾಗ ಮೋರಿ ತಗಿತೇವಿ ಅಂದಿದ್ರು, ತಗದ್ರೇನು?" "ಗಿರಣಿಯವನ ಮಗಳಿಗೆ ಗಂಡು ನಿಕ್ಕಿ ಆತೇನು?" ಊರು ಬಿಟ್ಟು ಹೋದವನಿಗೆ ನಮ್ಮ ಮೋರಿಯ ಉಸಾಬರಿ ಯಾಕೆ? ನಾನು ಒಂದೇ ಕೇಳುತ್ತಿದ್ದೆ, ನನ್ನ ಫೋಟೋ ಎಲ್ಲಿ ಅಂತ. "ಐತಿ, ಐತಿ. ಬಾ ನೋಡಾಕ" ಎನ್ನುತ್ತಿದ್ದ. ಕೊನೆಗೆ ರೋಸಿಹೋಗಿ ರಜೆ ಹಾಕಿದೆ. ಫೋಟೋ ತೆಗೆದುಕೊಂಡು ವಾಪಸ್ ಬರುವುದು, ಅಷ್ಟೇ ನನ್ನ ಕೆಲಸ ಎಂದು ಅವ್ವನಿಗೆ ಹೇಳಿ ಬಸ್ಸು ಹತ್ತಿದೆ.

ಹಳ್ಳಿಯ ಮನೆಯ ಕಟ್ಟೆಯ ಮೇಲೆ ಚಿಕ್ಕಮ್ಮ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ಕಂಡವಳೇ ನೀರು ಕೊಡುವ ಮೊದಲೇ ಶುರುಮಾಡಿದಳು.

"ಬಂದೇನವ್ವಾ, ಬಾ. ನಿಮ್ಮಪ್ಪಂದು ಒಂದು ಕತಿ ಆಗೇತಿ ನೋಡು. ಮುಂಜಾನಿ ಎದ್ರ ಸಾಕು, ಮುಂದಿನ ವಾರ ಊರಿಗೆ ಹೋಗೂದೈತಿ ಅಂತಾರ. ಚೀಲಾ ಬಿಚ್ಚಿಲ್ಲ, ಹಾಸಗಿ ಬಿಚ್ಚಿಲ್ಲ. ಮಂಚ ಹಾಕಿ ಕೊಡ್ತೇವಿ ಅಂದ್ರ, ಬ್ಯಾಡ, ಸುಮ್ಮನ ಯಾಕ ಅಂತಾರ. ನಮಗಂತೂ ಸಾಕಾಗೇತಿ."

ಯಪ್ಪಾ! ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಒಳಗೆ ಹೋದೆ. ಅಪ್ಪನ ಕೋಣೆಯಲ್ಲಿ ಟ್ರಂಕು, ಬಾಯಿ ಕಟ್ಟಿದ ಗೋಣಿಚೀಲ, ಸುತ್ತಿಟ್ಟ ಹಾಸಿಗೆ. ಬಾಗಿಲಿನ ಎದುರಿನ ಮಣ್ಣಿನ ಗೋಡೆಯ ಮೇಲೆ, ಬಂದವರಿಗೆ ಮೊದಲು ಕಾಣುವ ಹಾಗೇ, ನನ್ನ ಏಳನೇ ತರಗತಿಯ ಫೋಟೋ ನೇತಾಡುತ್ತಿತ್ತು. ಇಡೀ ಗೋಡೆಯ ಮೇಲೆ ಅದೊಂದೇ.

ಅಪ್ಪ ಅದರ ಕೆಳಗೆ ಗೋಡೆಗೊರಗಿ ಕೂತಿದ್ದ. ನನ್ನನ್ನು ಕಂಡು ದಡಬಡ ಎದ್ದ. ಹೇಗಿದ್ದೀ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಏನಪ್ಪಾ ಇದು? ಜನ್ಮ ಎಲ್ಲಾ ನಂಗೊಂದು ಮೊಳೆ ಕೊಡ್ಲಿಲ್ಲ ನೀನು. ಅಲ್ಲಿ ಹಾಕು ಅಂದ್ರೆ ಹಾಕ್ಲಿಲ್ಲ. ಇಲ್ಲಿ ತಂದು ಹಾಕಿದ್ದೀಯಲ್ಲ, ಇಲ್ಲಿ ಯಾರಿಗಪ್ಪಾ ಗೊತ್ತು ಇವರೆಲ್ಲ?"

"ನನಗ ಗೊತ್ತದಾರಲ್ಲ" ಎಂದ.

ಆಮೇಲೆ ಫೋಟೋದ ಹತ್ತಿರ ಹೋಗಿ, ನಾನು ಕೇಳದಿದ್ದರೂ, ಬೆರಳಿಟ್ಟು ತೋರಿಸತೊಡಗಿದ. "ಇಂವ ಗಿರಣಿಯವರ ಹುಡುಗ. ಈಗ ಹಾರ್ಡ್‌ವೇರ್ ಅಂಗಡಿ ಇಟ್ಟಾನ. ಇಕಿ ಇಡ್ಲಿ ಅಕ್ಕನ ಮಗಳು, ಅವರಪ್ಪ ನನ್ನ ಜೋಡಿ ಶಿಫ್ಟಿಗೆ ಬರ್ತಿದ್ದ. ಇಂವ ಆಟೋ ಹೊಡಿತಾನ, ಎಲ್ಲಿ ಕಂಡ್ರೂ ಕಾಕಾ ಹತ್ತು ಅಂತಾನ." ನನ್ನ ಅರ್ಧ ತರಗತಿ ನನಗೇ ಮರೆತುಹೋಗಿತ್ತು. ಅಪ್ಪನಿಗೆ ಎಲ್ಲರ ಮನೆ, ಮಠ, ಬೀದಿ ನೆನಪಿತ್ತು. ಕೊನೆಗೆ ತುದಿಯಲ್ಲಿದ್ದ ನನ್ನ ಗಂಟುಮುಖ ದಾಟಿ, ಹಿಂದಿನ ಬಾಗಿಲ ಮೇಲೆ ಬೆರಳಿಟ್ಟ. "ಇಲ್ಲಿ ನಾನೂ ಅದೀನಿ ನೋಡು."

ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ.

"ಇಲ್ಲಿ ಓಣ್ಯಾಗ ಹೊಂಟ್ರ ಹುಡುಗ್ರು ಯಾರಿವರು ಅಂತ ಕೇಳ್ತಾವ ತಂಗಿ. ನನ್ನ ವಾರಿಗಿ, ನನ್ನ ವಯಸ್ಸಿನ ಮಂದಿ ಒಬ್ರೂ ಉಳದಿಲ್ಲ. ಗುರ್ತಿನ ಮಾರಿ ಅಂದ್ರ ಇವಷ್ಟ. ಅದಕ್ಕ ಹಾಕೀನಿ. ಬೈಬ್ಯಾಡ."

ಇಷ್ಟು ವರ್ಷ ಕಾದು, ಬಸ್ಸು ಹತ್ತಿ ಜಗಳಕ್ಕೆಂದೇ ಬಂದವಳು ನಾನು. ಅಳು ಬಂತು, ಅದಕ್ಕೂ ಅವನ ಮೇಲೆ ಸಿಟ್ಟು ಬಂತು.

"ನಡಿ, ಹೋಗೋಣ" ಎಂದೆ.

ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಸಾಮಾನು ಕಟ್ಟುವ ಕೆಲಸವಂತೂ ಇರಲೇ ಇಲ್ಲ, ಎಲ್ಲ ಕಟ್ಟಿಯೇ ಇತ್ತು! ನಾನು ಫೋಟೋ ಇಳಿಸಿ ಸೀರೆಯಲ್ಲಿ ಸುತ್ತುತ್ತಿದ್ದರೆ ಅಪ್ಪ ಚಿಕ್ಕಮ್ಮನ ಹತ್ತಿರ ಇಕ್ಕಳ ಕೇಳಿ ತಂದ. ಗೋಡೆಯ ಮೊಳೆಯನ್ನು ಹಗುರಕ್ಕೆ ಅಲ್ಲಾಡಿಸಿ ಕಿತ್ತ. ತೂತಿಗೆ ಒಂದಿಷ್ಟು ಮಣ್ಣು ಮೆತ್ತಿ ಹೆಬ್ಬೆರಳಿನಿಂದ ನಯಮಾಡಿದ. ಮೊಳೆಯನ್ನು ಅಂಗಿಯ ತುದಿಯಿಂದ ಒರೆಸಿ, ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ.

"ಅದ್ಯಾಕಪ್ಪಾ?"

"ಅಲ್ಲಿ ಮನ್ಯಾಗ ಮೊಳಿ ಇಲ್ಲಲ್ಲ" ಎಂದ.

ಹೆಜ್ಜೆಗೊಂದು ಹಾರ್ಡ್‌ವೇರ್ ಅಂಗಡಿಯಿರುವ ಲಗ್ಗೆರೆಗೆ, ಜನ್ಮವಿಡೀ ಮೊಳೆ ಮಾಡಿದ ಮನುಷ್ಯ, ಗದಗದಿಂದ ಒಂದು ಮೊಳೆ ಹೊತ್ತು ತಂದ. ದಾರಿಯುದ್ದಕ್ಕೂ ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಮನೆಗೆ ಬಂದವನು ನೀರು ಕೂಡ ಕುಡಿಯದೆ ಅವ್ವನ ಗುಂಡುಕಲ್ಲು ಎತ್ತಿಕೊಂಡು ಬಾಗಿಲಿನ ಎದುರಿನ ಗೋಡೆಯ ಮುಂದೆ ನಿಂತ. ಗೋಡೆಯನ್ನು ಅಂಗೈಯಿಂದ ಸವರಿದ. ಮೊಳೆ ಇಟ್ಟ, ತೆಗೆದ, ಸ್ವಲ್ಪ ಬಲಕ್ಕೆ ಇಟ್ಟ, ಮತ್ತೆ ತೆಗೆದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

"ಇಲ್ಲೇ ಹೊಡಿಲೇನು? ಒಮ್ಮೆ ಹೊಡದ್ರ ಆತು, ಮತ್ತ ತಗಿಯಾಕ ಬರಂಗಿಲ್ಲ" ಎಂದು ನನ್ನ ಕಡೆ ತಿರುಗಿ ಕೂಗಿದ.

"ಹೊಡಿಯಪ್ಪಾ" ಎಂದೆ. "ಮೊದ್ಲು ಹೊಡಿ."